ನಡುವಿನ ಸೀಟಿನ ಕೆಳಗೆ

ಶಹಾಪುರದಲ್ಲಿ ಮರಿಲಿಂಗನ ಗಾಡಿ ಹತ್ತುವವರು ಒಂದು ಮಾತಿಗೆ ಮೊದಲೇ ತಯಾರಾಗಿರಬೇಕು. ಆತ ಯಾರನ್ನೂ ಓವರ್‌ಟೇಕ್ ಮಾಡುವುದಿಲ್ಲ. ಎಮ್ಮೆ ಅಡ್ಡ ಬಂದರೆ ಹಾರ್ನ್ ಹೊಡೆಯದೆ ಅದು ದಾಟುವವರೆಗೆ ಕಾಯುತ್ತಾನೆ. ಹಿಂದಿನವರು ಬೈದರೆ ಬೈಸಿಕೊಳ್ಳುತ್ತಾನೆ. ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡಿದು ಒಂದು ಕೋಳಿಯನ್ನೂ ಕೊಂದಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಾನೆ. ಒಂದು ಕೋಳಿ ಸತ್ತದ್ದು ತನಗೆ ಗೊತ್ತು ಎಂದು ಅವನ ಹೆಂಡತಿ ಶೇಖಮ್ಮ ಹೇಳುತ್ತಾಳೆ. ಆ ಕೋಳಿಯ ವಿಷಯ ಬಿಡೋಣ.

ಹುಡುಗನಾಗಿದ್ದಾಗ ಯಾದಗಿರಿ ಸ್ಟೇಷನ್ನಿನ ಮುಂದೆ ಜೀಪುಗಳನ್ನು ತೊಳೆಯುತ್ತಿದ್ದ. ಮುಂಬೈ ರೈಲಿನಿಂದ ಗಂಟುಮೂಟೆ ಹೊತ್ತು ಇಳಿದವರನ್ನು ಊರೂರಿಗೆ ಮುಟ್ಟಿಸುತ್ತ ಮುಟ್ಟಿಸುತ್ತಲೇ ಡ್ರೈವಿಂಗ್ ಕಲಿತ. ಈಗ ಅವನದೇ ಒಂದು ಗಾಡಿ ಇದೆ. ಎಂಟು ಸೀಟಿನ, ಬಿಳಿ ಬಣ್ಣದ, ಒಂದು ಬಾಗಿಲು ಎರಡು ಸಲ ಎಳೆದರೆ ಮಾತ್ರ ಮುಚ್ಚುವ ಹಳೇ ಪೆಟ್ರೋಲ್ ಗಾಡಿ. ಒಂಬತ್ತು ವರ್ಷದಿಂದ ದಿನಾ ಬೆಳಿಗ್ಗೆ ಎಂಟಕ್ಕೆ ಶಹಾಪುರದ ಆರು ಜನ ಮಾಸ್ತರರನ್ನು, ಟೀಚರುಗಳನ್ನು ಹತ್ತಿಸಿಕೊಂಡು, ಸುರಪುರ ದಾಟಿ, ಬೋನಾಳದ ಸುತ್ತಲಿನ ಶಾಲೆಗಳಿಗೆ ಬಿಡುತ್ತಾನೆ. ಸಂಜೆ ಐದಕ್ಕೆ ವಾಪಸ್ಸು ತರುತ್ತಾನೆ. ಜೀವನಚರಿತ್ರೆ ಎಂದರೆ ಇಷ್ಟೇ, ಇದರಲ್ಲಿ ಬರೆಯುವಂಥದ್ದು ಏನಿದೆ ಎಂದು ಅವನೇ ಕೇಳುತ್ತಿದ್ದ. ಈ ಜನವರಿಯವರೆಗೆ ನಾನೂ ಹಾಗೇ ಅಂದುಕೊಂಡಿದ್ದೆ.

ಆರು ಜನರಲ್ಲಿ ಬಸವೇಶ್ವರಿ ಟೀಚರು ಒಬ್ಬರು. ಮೂವತ್ತಮೂರು ವರ್ಷ. ಹಿಂದೆ ಎರಡು ಸಲ ಬಸಿರು ನಿಂತು, ಎರಡೂ ಸಲ ಐದು ತಿಂಗಳು ತುಂಬುವ ಮೊದಲೇ ಹೋಗಿತ್ತು. ಮೂರನೆಯದು ಐದು ದಾಟಿದಾಗ ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂತಿದ್ದರು. ಡಾಕ್ಟರು ಕುಲುಕಾಟ ಬೇಡವೇ ಬೇಡ ಎಂದಿದ್ದರು. ಆದರೆ ಈಗಲೇ ರಜೆ ಹಾಕಿ ಮುಗಿಸಿದರೆ ಕೂಸು ಬಂದ ಮೇಲೆ ಅದರ ಜೊತೆ ಇರಲು ದಿನಗಳು ಉಳಿಯುವುದಿಲ್ಲ ಎಂದು ಟೀಚರ ಲೆಕ್ಕ. ದೀಪಾವಳಿ ಮುಗಿದ ವಾರ ಅವರ ತಾಯಿ ಸೂಗಮ್ಮ ಮರಿಲಿಂಗನ ಮನೆಗೆ ಬಂದಳು. ಕೂತುಕೊಳ್ಳಲಿಲ್ಲ, ಚಹಾ ಕುಡಿಯಲಿಲ್ಲ. ಬಾಗಿಲಲ್ಲಿ ನಿಂತೇ ಹೇಳಿದಳು.

“ಮರಿಲಿಂಗಾ, ಡಾಕ್ಟರ್ ಬ್ಯಾಡ ಅಂದಾರ. ಅಕಿ ಹೋಗೇ ಹೋಗ್ತೀನಿ ಅಂತಾಳ. ನಿನ್ನ ಗಾಡಿ ಅದ ಅಂತ ನಾ ಹೂಂ ಅಂದೇನಿ.”

ಅವತ್ತಿನಿಂದ ಮರಿಲಿಂಗನಿಗೆ ಅದೊಂದೇ ಧ್ಯಾನ. ಬಸವೇಶ್ವರಿಗೆ ನಡುವಿನ ಸಾಲಿನ ನಡುವಿನ ಜಾಗ ಗೊತ್ತುಮಾಡಿದ. ಮುಂದಿನ ಸೀಟು ಬ್ರೇಕ್ ಹಾಕಿದಾಗ ಮುಗ್ಗರಿಸುತ್ತದೆ, ಹಿಂದಿನ ಸೀಟು ಎತ್ತಿ ಒಗೆಯುತ್ತದೆ, ನಡುವಿನದೇ ತೊಟ್ಟಿಲು ಎಂದು ಎಲ್ಲರಿಗೂ ತಿಳಿಸಿ ಹೇಳಿದ. ಗಾಡಿಯ ಕೆಳಗೆ ಯಾವುದೋ ಒಂದು ತಗಡು ಕಟಕಟ ಸದ್ದು ಮಾಡುತ್ತಿತ್ತು. ಟೀಚರು ಕಣ್ಣು ಮುಚ್ಚಿದಾಗಲೆಲ್ಲ ಆ ಸದ್ದಿಗೆ ಬೆಚ್ಚುವುದನ್ನು ಕನ್ನಡಿಯಲ್ಲಿ ನೋಡಿ, ಒಂದು ಭಾನುವಾರ ತಾನೇ ಬೋಲ್ಟು ಬಿಚ್ಚುವ ಪಾನಾ ಹಿಡಿದು ಕೆಳಗೆ ತೂರಿ, ಸೈಲೆನ್ಸರ್ ಪೈಪಿನ ಮೇಲೆ ಕೂತಿದ್ದ ಆ ತಗಡನ್ನು ಬಿಚ್ಚಿ ಮನೆಯ ಮಂಚದ ಕೆಳಗೆ ಹಾಕಿದ. ತಗಡು ಅಲ್ಲಿ ಯಾತಕ್ಕಿದೆ ಎಂದು ಇಪ್ಪತ್ತಾರು ವರ್ಷದ ಡ್ರೈವರ್ ಒಂದು ಕ್ಷಣ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಸದ್ದು ನಿಂತಿತಲ್ಲ ಎಂದು ಖುಷಿಪಟ್ಟ.

ಇನ್ನು ರಸ್ತೆ. ಸುರಪುರದವರೆಗೆ ಅಡ್ಡಿಯಿಲ್ಲ. ಬೋನಾಳದ ಕಡೆ ತಿರುಗಿದ ಮೇಲೆ ಡಾಂಬರು ಎಲ್ಲಿದೆ, ಕುಣಿ ಎಲ್ಲಿದೆ ಎಂದು ಹುಡುಕಬೇಕು. ಡಿಸೆಂಬರ್ ಬಂತೆಂದರೆ ಆ ರಸ್ತೆಯ ಅರ್ಧ ಭಾಗ ರೈತರ ಕಣವಾಗುತ್ತದೆ. ಕೊಯ್ದ ತೊಗರಿ ಗಿಡಗಳನ್ನು ತಂದು ಹಾಸುತ್ತಾರೆ, ಲಾರಿ, ಬಸ್ಸು, ಟ್ರ್ಯಾಕ್ಟರುಗಳು ಮೇಲೆ ಹಾದು ಹಾದು ಕಾಯಿ ಒಡೆದು ಕಾಳು ಉದುರುತ್ತದೆ. ಪೊಲೀಸರು ಬಂದು ಬೇಡ ಎನ್ನುತ್ತಾರೆ, ರೈತರು ಹೂಂ ಎನ್ನುತ್ತಾರೆ, ಮರುದಿನ ಮತ್ತೆ ಹಾಸುತ್ತಾರೆ. ಉಳಿದ ಡ್ರೈವರುಗಳು ಆ ರಾಶಿ ಕಂಡರೆ ಬೈಯುತ್ತ ಪಕ್ಕಕ್ಕೆ ಎಳೆಯುತ್ತಾರೆ. ಮರಿಲಿಂಗನಿಗೆ ಮಾತ್ರ ಅದರಲ್ಲಿ ಹೊಸದೊಂದು ಹೊಳೆಯಿತು. ನಾಲ್ಕು ಲಾರಿ ತುಳಿದ ಮೇಲೆ ಕಟ್ಟಿಗೆ ನುಗ್ಗಾಗಿ, ಹೊಟ್ಟು ಕುಣಿಗಳನ್ನೆಲ್ಲ ತುಂಬಿಬಿಡುತ್ತದೆ. ಅದರ ಮೇಲೆ ಗಾಡಿ ಹೋದರೆ ಹಾಸಿಗೆ ಮೇಲೆ ಹೋದಂತೆ, ಕುಲುಕಾಟವೇ ಇಲ್ಲ. ಅವನು ರಾಶಿಯನ್ನು ಹುಡುಕಿಕೊಂಡು ಹೋಗತೊಡಗಿದ. ಎಡಗಡೆ ರಾಶಿ ಮುಗಿದರೆ ಬಲಗಡೆಗೆ, ಅಲ್ಲಿ ಮುಗಿದರೆ ಮತ್ತೆ ಎಡಕ್ಕೆ. ರೈತರಿಗೂ ಸಂತೋಷ, ಕೈ ಬೀಸಿ ಕರೆಯುತ್ತಿದ್ದರು.

ಜನವರಿ ಮೊದಲ ಸೋಮವಾರ ಬೋನಾಳದ ರಸ್ತೆಯಲ್ಲಿ ವಾಸನೆ ಬಂತು. ಮೊದಲು ಮೂಗು ಅರಳಿಸಿದವರು ಹಿರಿಯ ಟೀಚರು ಸುಮಂಗಲಾ. ತೊಗರಿಕಾಯಿ ಸುಡುವ ಘಮ. ಆ ದಿನಗಳಲ್ಲಿ ನಮ್ಮ ಹೊಲಗಳಲ್ಲಿ ಎಳೆ ಜೋಳದ ತೆನೆಯ ಬೆಳಸಿ ಸುಡುವುದು, ಹಸಿ ತೊಗರಿಕಾಯಿ ಸುಡುವುದು ಎಲ್ಲ ಕಡೆಯೂ ಇದ್ದದ್ದೇ. ಹಾದಿಯಲ್ಲಿ ಹೋಗುವವರನ್ನು ಕರೆದು ಕೈತುಂಬ ಕೊಡುತ್ತಾರೆ. ಸುಮಂಗಲಾ ಗಾಡಿ ನಿಲ್ಲಿಸಲು ಹೇಳಿದರು. ನಿಲ್ಲಿಸಿದಾಗ ಘಮ ಇನ್ನೂ ಜೋರಾಯಿತು. ಅವರು ಇಳಿದು ಹೊಲದ ಬದುವಿನವರೆಗೆ ಹೋಗಿ, ಯಾರಪ್ಪಾ ಅದು ಎಂದು ಕೂಗಿ, ಯಾರೂ ಕಾಣದೆ ಬರಿಗೈಲಿ ವಾಪಸ್ಸು ಬಂದರು. ಎಲ್ಲರೂ ನಕ್ಕರು. ಮರಿಲಿಂಗ ಎಲ್ಲರಿಗಿಂತ ಜಾಸ್ತಿ ನಕ್ಕ.

ಮಂಗಳವಾರವೂ ಬಂತು. ಬುಧವಾರವೂ ಬಂತು. ಗಾಡಿ ಓಡುವಾಗ ಇಲ್ಲ, ನಿಂತಾಗ ಇದೆ. ಆರು ಜನ ಕಲಿತವರು, ಒಬ್ಬ ಇಪ್ಪತ್ತಾರು ವರ್ಷದ ಡ್ರೈವರ್, ಯಾರ ತಲೆಗೂ ಗಾಡಿಯ ಮೇಲೆ ಅನುಮಾನ ಬರಲಿಲ್ಲ. ಬಾಯಲ್ಲಿ ನೀರು ಬರಿಸುವ ವಾಸನೆಯ ಮೇಲೆ ಯಾರಿಗೆ ತಾನೆ ಅನುಮಾನ ಬರುತ್ತದೆ. ವಿಜ್ಞಾನ ಕಲಿಸುವ ಪ್ರವೀಣಕುಮಾರ ಮಾಸ್ತರರು ಮಾತ್ರ ಶುಕ್ರವಾರ ಫೋನಿನಲ್ಲಿ ಏನೋ ಓದಿ, ಇದು ವೈರಿಂಗ್ ಸುಡುವ ವಾಸನೆ ಇರಬಹುದು ಎಂದರು. ಮರಿಲಿಂಗನಿಗೆ ಸಿಟ್ಟು ಬಂತು. ವೈರು ಸುಟ್ಟರೆ ತೊಗರಿಕಾಯಿ ವಾಸನೆ ಬರುತ್ತದೆಯೇ ಎಂದು ಕೇಳಿ ಅವರ ಬಾಯಿ ಮುಚ್ಚಿಸಿದ. ಆದರೂ ಭಾನುವಾರ ಗಾಡಿಯನ್ನು ಮುಜಫರನ ಗ್ಯಾರೇಜಿಗೆ ಒಯ್ದ.

ಮುಜಫರ ಶಹಾಪುರದ ಹಳೇ ಮೇಸ್ತ್ರಿ. ಅವನು ಬಾನೆಟ್ ಎತ್ತುವ ಮೊದಲು ಪ್ರಶ್ನೆ ಕೇಳುತ್ತಾನೆ. ರಬ್ಬರ್ ಸುಟ್ಟಂತಿದ್ದರೆ ಬೆಲ್ಟು, ಎಣ್ಣೆ ಕಮರಿದಂತಿದ್ದರೆ ಇಂಜಿನ್ ಆಯಿಲ್ ಸೋರಿ ಬಿಸಿ ಪೈಪಿನ ಮೇಲೆ ಬೀಳುತ್ತಿದೆ, ಕಾಗದ ಸುಟ್ಟಂತಿದ್ದರೆ ಕ್ಲಚ್ಚು, ಕೂದಲು ಸುಟ್ಟಂತಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಇವನ್ನೆಲ್ಲ ಹೇಳಿ, ನಿನ್ನದು ಯಾವ ವಾಸನೆ ಎಂದು ಕೇಳಿದ. ತೊಗರಿಕಾಯಿ ಎಂದರೆ ಗ್ಯಾರೇಜಿನವರೆಲ್ಲ ಹೊಟ್ಟೆ ಹಿಡಿದು ನಗುತ್ತಾರೆ ಎಂದು ಮರಿಲಿಂಗನಿಗೆ ನಾಚಿಕೆ. ಸುಮ್ಮನೆ ಸುಟ್ಟ ವಾಸನೆ ಎಂದ. ಮುಜಫರ ಬೆಲ್ಟು ನೋಡಿದ, ಆಯಿಲ್ ನೋಡಿದ, ನಾಲ್ಕೂ ಚಕ್ರ ಮುಟ್ಟಿ ನೋಡಿದ. ಗಾಡಿ ತಣ್ಣಗಿತ್ತು, ವಾಸನೆಯೂ ಇರಲಿಲ್ಲ. ತಣ್ಣನೆಯ ಗಾಡಿಯ ರೋಗ ಯಾವ ಮೇಸ್ತ್ರಿಗೂ ಗೊತ್ತಾಗುವುದಿಲ್ಲ, ಓಡಿಸಿ ಬಿಸಿ ಇದ್ದಾಗಲೇ ತಾ ಎಂದು ಕಳಿಸಿಕೊಟ್ಟ.

ಮರುದಿನ ಬೆಳಿಗ್ಗೆ ಚಳಿ ಜೋರಿತ್ತು. ಬಸವೇಶ್ವರಿ ಟೀಚರು ಚಪ್ಪಲಿ ಕಳಚಿ ಬರಿಗಾಲನ್ನು ಮ್ಯಾಟಿನ ಮೇಲಿಟ್ಟು ಹಾಯಾಗಿ ಕೂತರು. ಈಗೀಗ ಅವರ ಕಾಲುಗಳು ಬಾತುಕೊಳ್ಳುತ್ತಿದ್ದವು.

“ಮರಿಲಿಂಗಣ್ಣ, ನನ್ನ ಸಲುವಾಗಿ ಹೀಟರ್ ಹಾಕಿಸೀರೇನ್ರಿ. ಕಾಲಿಗೆ ಭಾಳ ಬೆಚ್ಚಗ ಆಗಾಕತ್ತದ.”

ಅವನು ಕನ್ನಡಿಯಲ್ಲಿ ಅವರ ಮುಖ ನೋಡಿ ನಕ್ಕ. ಹಳೇ ಗಾಡಿ, ಇಂಜಿನ್ನಿನ ಬಿಸಿ ಒಳಗೆ ಬರುತ್ತದೆ, ಬರಲಿ, ಬಸುರಿ ಹೆಂಗಸಿಗೆ ಒಳ್ಳೆಯದೇ ಆಯಿತು ಎಂದುಕೊಂಡ. ಆ ನಗುವನ್ನು ನೆನೆದರೆ ಅವನಿಗೆ ಈಗಲೂ ಊಟ ಸೇರುವುದಿಲ್ಲ.

ಗುರುವಾರ ಸಂಜೆ ಎಲ್ಲರನ್ನೂ ಇಳಿಸಿ ಗಾಡಿ ಮನೆಯ ಮುಂದೆ ನಿಲ್ಲಿಸಿದ. ಶೇಖಮ್ಮ ಅಂಗಳಕ್ಕೆ ಬಂದವಳು ಅಲ್ಲೇ ನಿಂತು ಅತ್ತಿತ್ತ ನೋಡಿದಳು. “ಇಲ್ಲಿ ಯಾರು ತೊಗರಿಕಾಯಿ ಸುಡಾಕತ್ತ್ಯಾರ” ಎಂದಳು.

ಅವರ ಓಣಿ ಶಹಾಪುರದ ನಡುವೆ ಇದೆ. ಹೊಲ ಇಲ್ಲ, ಬದು ಇಲ್ಲ, ಬೆಂಕಿ ಹಾಕಲು ಒಂದು ಗೇಣು ಖಾಲಿ ಜಾಗವಿಲ್ಲ. ಮರಿಲಿಂಗ ಒಂದು ಕಾಲು ಹೊಸ್ತಿಲಲ್ಲಿ ಇಟ್ಟವನು ಹಾಗೇ ತಿರುಗಿದ. ಹೊಲದ ವಾಸನೆ ಬೋನಾಳದಿಂದ ಮನೆಯವರೆಗೆ ಬೆನ್ನು ಹತ್ತಿ ಬಂದಿತ್ತು. ಚಹಾ ಬೇಡವೆಂದು ಗಾಡಿ ತೆಗೆದು ನೆಟ್ಟಗೆ ಮುಜಫರನ ಗ್ಯಾರೇಜಿಗೆ ಓಡಿಸಿದ. ಅವತ್ತು ಅವನು ಮೂರು ಗಾಡಿಗಳನ್ನು ಹಿಂದೆ ಹಾಕಿದ.

ಗಾಡಿ ಗ್ಯಾರೇಜಿನ ರಿಪೇರಿ ಗುಂಡಿಯ ಮೇಲೆ ನಿಂತಿತು. ಮುಜಫರ ಬಲ್ಬು ಹಿಡಿದು ಕೆಳಗೆ ಇಳಿದ. ಆಮೇಲೆ ಗುಂಡಿಯೊಳಗಿಂದ ಬಂದ ದನಿಯನ್ನು ಮರಿಲಿಂಗ ಮೊದಲು ಎಂದೂ ಕೇಳಿರಲಿಲ್ಲ.

“ಮರಿಲಿಂಗಣ್ಣ, ಮೊದಲ ನೀರು ಕೊಡು. ಆಮ್ಯಾಲೆ ಮಾತಾಡಮು.”

ಎರಡು ಕೊಡ ನೀರು ಹೋಯಿತು. ಚುಂಯ್ ಎಂದು ಹಬೆ ಎದ್ದಿತು. ಮುಜಫರ ಕೊಕ್ಕೆ ಹಾಕಿ ಎಳೆಯತೊಡಗಿದ. ಸೈಲೆನ್ಸರ್ ಪೈಪಿಗೂ ಗಾಡಿಯ ತಳಕ್ಕೂ ನಡುವಿನ ಸಂದಿಯಲ್ಲಿ, ತಿರುಗುವ ಶಾಫ್ಟಿನ ಸುತ್ತ, ತೊಗರಿ ಕಟ್ಟಿಗೆ, ಎಲೆ, ಹೊಟ್ಟು ಗಟ್ಟಿಯಾಗಿ ತುರುಕಿಕೊಂಡಿತ್ತು. ಎಳೆದಷ್ಟೂ ಬಂತು. ಒಂದು ಬುಟ್ಟಿ ತುಂಬಿತು. ಹೊರಗಿನದು ಒಣ ಹೊಟ್ಟು, ಒಳಗಿನದು ಕರ್ರಗೆ ಕಮರಿದ್ದು, ತೀರಾ ಒಳಗಿನದರಲ್ಲಿ ನೀರು ಮುಟ್ಟದ ಒಂದು ಕಡೆ ಇನ್ನೂ ಕೆಂಡ ಇತ್ತು. ನಡುನಡುವೆ ಹದವಾಗಿ ಸುಟ್ಟ ಇಡೀ ತೊಗರಿಕಾಯಿಗಳು. ಆ ಜಾಗದಿಂದ ಒಂದು ಗೇಣು ಆಚೆಗೆ ಪೆಟ್ರೋಲ್ ಪೈಪು ಹಾದುಹೋಗಿತ್ತು.

ಮೇಲೆ ಬಂದ ಮುಜಫರ ನಡುವಿನ ಸಾಲಿನ ಮ್ಯಾಟನ್ನು ಎತ್ತಿದ. ಮ್ಯಾಟಿನ ಹಿಂಬದಿ ಕರಗಿ ಅಂಟಾಗಿತ್ತು. ಅದರ ಕೆಳಗಿನ ಹಾಸು ರೊಟ್ಟಿಯಗಲ ಸುಟ್ಟು ಬೂದಿಯಾಗಿತ್ತು. ತಳದ ತಗಡು ಅಲ್ಲಿ ಮೊದಲೇ ತುಕ್ಕು ಹಿಡಿದು ತೂತಾಗಿದ್ದರಿಂದ ಗುಂಡಿಯಲ್ಲಿ ಬಿಟ್ಟು ಬಂದ ಬಲ್ಬಿನ ಬೆಳಕು ನೆಟ್ಟಗೆ ಮೇಲೆ ಬರುತ್ತಿತ್ತು. ಯಾರ ಸೀಟು ಅದು ಎಂದು ಮುಜಫರ ಕೇಳಿದ. ಮರಿಲಿಂಗ ಹಳೇ ಟೈರಿನ ಮೇಲೆ ಕೂತ. ಬರಿಗಾಲು ಅವನ ಕಣ್ಣ ಮುಂದೆ ಬಂದು ನಿಂತಿತ್ತು.

ಮುಜಫರ ಸೈಲೆನ್ಸರ್ ಮೇಲಿನ ತಗಡು ಎಲ್ಲಿ ಎಂದ. ಅದು ಕಸ ಮೇಲೆ ಕೂರದಂತೆ, ಬಿಸಿ ಮೇಲೆ ಏರದಂತೆ ತಡೆಯುವ ತಗಡು. ಅದು ತನ್ನ ಮಂಚದ ಕೆಳಗಿದೆ ಎಂದು ಮರಿಲಿಂಗ ಹೇಳಿದ. ರಾಶಿಯ ಮೇಲೆ ಹೋಗಿದ್ದೀಯಾ ಎಂದು ಕೇಳಿದ್ದಕ್ಕೆ, ಹುಡುಕಿಕೊಂಡು ಹೋಗಿದ್ದೇನೆ ಎಂದ. ಬೈಗುಳದಲ್ಲಿ ಜಿಪುಣತನ ಮಾಡದ ಮುಜಫರ ಅವತ್ತು ಒಂದೂ ಬೈಗುಳ ಬೈಯಲಿಲ್ಲ. ಅದು ಮರಿಲಿಂಗನನ್ನು ಇನ್ನೂ ಹೆದರಿಸಿತು.

ಮನೆಗೆ ಓಡಿ ತಗಡು ತಂದ. ಮುಜಫರ ಶಾಫ್ಟು ಪೂರ್ತಿ ಸ್ವಚ್ಛ ಮಾಡಿದ, ಬಿಸಿಗೆ ಮೆತ್ತಗಾಗಿದ್ದ ವೈರು ಬದಲಾಯಿಸಿದ, ತೂತಿಗೆ ತಗಡು ಕೂರಿಸಿ ಬೆಸೆದ, ಕೊನೆಗೆ ಎರಡು ಹೊಸ ಬೋಲ್ಟು ಹಾಕಿ ಹಳೇ ತಗಡನ್ನು ಅದರ ಜಾಗದಲ್ಲಿ ಬಿಗಿದ. ಇಂಜಿನ್ ಶುರು ಮಾಡಿದಾಗ ಕಟಕಟ ಸದ್ದೇ ಇರಲಿಲ್ಲ. ಸವೆದದ್ದು ಬರೀ ಬೋಲ್ಟು. ಮರಿಲಿಂಗ ತಗಡನ್ನೇ ಕಿತ್ತು ಹಾಕಿದ್ದ. ಹೊರಡುವಾಗ ಮುಜಫರ ಅವನ ಹೆಗಲ ಮೇಲೆ ಕೈಯಿಟ್ಟು, ಟೀಚರಿಗೆ ಹೇಳಬೇಡ, ಆಗಬಾರದ್ದು ಆಗಿಲ್ಲ, ಗಾಡಿ ಸರಿಯಾಗಿದೆ, ಬಸುರಿ ಹೆಂಗಸು ಹೆದರಿದರೆ ಅದೇ ಒಂದು ಕೇಡು ಎಂದ. ಮಾತು ಖರೆ ಇತ್ತು, ಅದಕ್ಕೇ ಮರಿಲಿಂಗನಿಗೆ ಅದರ ಮೇಲೆ ಆಸೆ ಹುಟ್ಟಿತು.

ಮನೆಯಲ್ಲಿ ತಟ್ಟೆಯ ಮುಂದೆ ಕೂತು ಎಲ್ಲ ಹೇಳಿದ. ಶೇಖಮ್ಮ ರೊಟ್ಟಿ ಮುರಿಯುವುದನ್ನು ಬಿಟ್ಟು ಕೇಳಿಸಿಕೊಂಡಳು. ಮುಜಫರಣ್ಣ ಹೇಳಿದ್ದು ಅವನ ಮಟ್ಟಿಗೆ ಸರಿ, ಅವನು ಗಾಡಿ ರಿಪೇರಿ ಮಾಡುವವನು ಎಂದಳು. ಆಮೇಲೆ, “ಹೇಳಿದ್ರ ಅಕಿ ಹತ್ತಂಗಿಲ್ಲ. ಹೇಳದಿದ್ರ ನೀ ಗಾಡಿ ಕನ್ನಡ್ಯಾಗ ಅಕಿ ಮಾರಿ ನೋಡಂಗಿಲ್ಲ” ಎಂದಳು.

ಶುಕ್ರವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ ಆರೂ ಜನ ಸೇರಿದಾಗ, ಯಾರನ್ನೂ ಹತ್ತಗೊಡದೆ, ಬಾಗಿಲಿಗೆ ಅಡ್ಡ ನಿಂತು ಹೇಳಿದ. ತಗಡು ಬಿಚ್ಚಿದ್ದನ್ನು ಹೇಳಿದ, ರಾಶಿ ಹುಡುಕಿಕೊಂಡು ಹೋದದ್ದನ್ನು ಹೇಳಿದ, ಕೆಂಡವನ್ನೂ ಪೆಟ್ರೋಲ್ ಪೈಪನ್ನೂ ಹೇಳಿದ. ನೆಲ ನೋಡುತ್ತಲೇ ಹೇಳಿದ. ಪ್ರವೀಣಕುಮಾರ ಮಾಸ್ತರರು ನಾನು ಮೊದಲೇ ಅಂದಿದ್ದೆ ಎನ್ನಲಿಲ್ಲ, ಅದಕ್ಕೆ ಅವರನ್ನು ಮೆಚ್ಚಬೇಕು. ಸುಮಂಗಲಾ ಟೀಚರು ಎರಡು ಹೆಜ್ಜೆ ಹಿಂದೆ ಸರಿದರು. ಸುರಪುರದ ಬಸ್ಸು ಬಂತು, ಕಾಲಿಡಲು ಜಾಗವಿರಲಿಲ್ಲ, ಆದರೂ ಐದು ಜನ ಒಬ್ಬೊಬ್ಬರಾಗಿ ಹೋಗಿ ಅದಕ್ಕೇ ಜೋತುಬಿದ್ದರು. ಯಾರೂ ಅವನ ಮುಖ ನೋಡಲಿಲ್ಲ.

ಬಸವೇಶ್ವರಿ ಉಳಿದರು. ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡಿದ್ದರು.

“ನನ್ನ ಕಾಲ ಕೆಳಗ” ಎಂದರು.

“ಹೌದ್ರಿ.”

“ನಾ ಹೀಟರ್ ಅಂದೆ. ನೀವು ನಕ್ರಿ.”

“ಹೌದ್ರಿ ಟೀಚರ್.”

ಅವನು ಆಟೋ ತರಿಸುತ್ತೇನೆ, ಮನೆಗೆ ಹೋಗಿ ಎಂದ. ಅವರು ಕೇಳಿಸಿಕೊಂಡಂತೆ ಕಾಣಲಿಲ್ಲ. ಆಮೇಲೆ ಈಗ ಗಾಡಿಯ ಕೆಳಗೆ ಏನಿದೆ, ತಮಗೆ ತೋರಿಸಬೇಕು ಎಂದರು. ಏಳು ತಿಂಗಳ ಬಸುರಿ ಬಗ್ಗಿ ಗಾಡಿಯ ಕೆಳಗೆ ನೋಡುವುದು ಹೇಗೆ. ಮರಿಲಿಂಗ ಒಗೆದ ಬಿಳಿ ಅಂಗಿಯಲ್ಲೇ ರಸ್ತೆಯ ಮೇಲೆ ಅಂಗಾತ ಮಲಗಿ, ಕೆಳಗೆ ತೂರಿ, ಫೋನಿನಲ್ಲಿ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ವಿಡಿಯೋ ತೆಗೆದು ತಂದುಕೊಟ್ಟ. ಅವರು ಮಕ್ಕಳ ಉತ್ತರಪತ್ರಿಕೆ ನೋಡುವಂತೆ ನೋಡಿದರು. ನಿಲ್ಲಿಸಿದರು, ಎರಡು ಬೆರಳಲ್ಲಿ ದೊಡ್ಡದು ಮಾಡಿದರು, ಪೆಟ್ರೋಲ್ ಪೈಪು ಯಾವುದು ಎಂದು ಕೇಳಿದರು. ಅವನು ಬೆರಳಿಟ್ಟು ತೋರಿಸಿದ.

“ಈ ಪೈಪಿನ ಹಿಂದ ಬರೇ ಕತ್ತಲ ಕಾಣತದ. ಇನ್ನೊಮ್ಮೆ ತಗೀರಿ” ಎಂದರು.

ಅವನು ಮತ್ತೆ ಕೆಳಗೆ ಹೋದ. ಚಹಾ ಅಂಗಡಿಯಲ್ಲಿ ಕೂತವರು ಎದ್ದು ನಿಂತು ನೋಡತೊಡಗಿದ್ದರು. ಅವನು ಫೋನಿನ ಬೆಳಕು ಹಚ್ಚಿ, ಪೈಪಿನ ಹಿಂದೆ, ಶಾಫ್ಟಿನ ಸುತ್ತ, ಹೊಸ ಬೋಲ್ಟುಗಳ ಮೇಲೆ ನಿಧಾನವಾಗಿ ಹಿಡಿದ. ಒಂದು ಎಲೆಯೂ ಇರಲಿಲ್ಲ. ಪಕ್ಕಕ್ಕೆ ಹೊರಳಿ ನೋಡಿದರೆ ಬಾಗಿಲ ಹತ್ತಿರ ಟೀಚರ ಬಾತ ಕಾಲುಗಳು ಬಂದು ನಿಂತಿದ್ದವು. ವಿಡಿಯೋ ಇನ್ನೂ ಮುಗಿದಿರಲಿಲ್ಲ. ಒಂದು ಕಾಲು ನೆಲ ಬಿಟ್ಟು ಮೇಲಕ್ಕೆ ಹೋಯಿತು, ಇನ್ನೊಂದೂ ಹೋಯಿತು. ಅವನ ಮುಖದ ನೇರಕ್ಕೆ ಗಾಡಿಯ ತಳ ಕಿರ್ ಎಂದು ಒಂದಿಷ್ಟು ಕೆಳಗೆ ಬಾಗಿತು. ನಡುವಿನ ಸಾಲು, ನಡುವಿನ ಜಾಗ.

ಅವರ ಕಾಲಿಗೂ ಸೈಲೆನ್ಸರ್ ಪೈಪಿಗೂ ನಡುವೆ ಇದ್ದದ್ದು ಎಷ್ಟು ಎಂದು ಮರಿಲಿಂಗ ಅಂದೇ ಮೊದಲ ಸಲ ಕಣ್ಣಾರೆ ನೋಡಿದ. ನಾಲ್ಕು ಬೆರಳು ಇರಬಹುದು. ಫೋನು ಎದೆಯ ಮೇಲೆ ಬಿತ್ತು. ಅವನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಅಳತೊಡಗಿದ.

“ಬರ್ರಿ ಮರಿಲಿಂಗಣ್ಣ, ಸಾಲಿಗೆ ಹೊತ್ತಾಗ್ತದ” ಎಂದು ಮೇಲಿನಿಂದ ದನಿ ಬಂತು.